ಟ್ಯಾಕ್ಸ್ ಕಟ್ತೀವಿ, ಕೇಳೋಕೆ ಮಾತ್ರ ಹೆದರ್ತೀವಿ
ರೇನರ್ಸ್ ಲೇನ್ ಕನ್ನಡಿಗರಿಗೆ ಹ್ಯಾರೋ ಕೌನ್ಸಿಲ್ ಪರಿಚಯ

ಹೋದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಮನೆಗೆ ಊಟಕ್ಕೆ ಬಂದಿದ್ದಳು. ಹಾಸನದ ಕಡೆಯವಳು, ಇಲ್ಲಿ ಕೇರ್ ಹೋಮ್ ಒಂದರಲ್ಲಿ ಕೆಲಸ. ರೇನರ್ಸ್ ಲೇನ್ ಸ್ಟೇಷನ್ ಹತ್ತಿರ ಒಂದು ರೂಮಿನ ಫ್ಲಾಟಿನಲ್ಲಿ ಒಬ್ಬಳೇ ಇದ್ದಾಳೆ. ಮಾತಿಗೆ ಮಾತು ಬಂದು ಕೌನ್ಸಿಲ್ ಟ್ಯಾಕ್ಸ್ ವಿಷಯಕ್ಕೆ ತಿರುಗಿತು. ಎರಡು ವರ್ಷದಿಂದ ಪೂರ್ತಿ ಬಿಲ್ ಕಟ್ಟುತ್ತಿದ್ದಾಳೆ. ‘ಒಬ್ಬಳೇ ಇದ್ದೀಯಲ್ಲ, ಕಾಲು ಭಾಗ ರಿಯಾಯಿತಿ ಇದೆ, ಯಾಕೆ ಕೇಳಿಲ್ಲ?’ ಅಂದೆ. ‘ಬೇಡ ಕಣಣ್ಣಾ. ಅದು ಬೆನಿಫಿಟ್ಟು. ವೀಸಾ ಪೇಪರಲ್ಲಿ ನೋ ಪಬ್ಲಿಕ್ ಫಂಡ್ಸ್ ಅಂತ ಬರೆದಿದೆ. ನಾಳೆ ಅದೇ ನೆಪ ಮಾಡಿ ವಾಪಸ್ ಕಳಿಸಿದ್ರೆ?’ ಅಂದಳು.

ಈ ಹೆದರಿಕೆ ಅವಳೊಬ್ಬಳದ್ದಲ್ಲ. ನಮ್ಮಲ್ಲಿ ಎಷ್ಟೋ ಜನ ಹೀಗೇ ಇದ್ದಾರೆ. ಕೌನ್ಸಿಲ್‌ನಿಂದ ಬರೋ ಕಾಗದ ಅಂದ್ರೆ ದುಡ್ಡು ಕೇಳೋ ಕಾಗದ ಅಂತ ಲೆಕ್ಕ. ಕಟ್ಟಿ ಸುಮ್ಮನಾಗೋದು. ಇನ್ನು ಕೆಲವರು ಇದಕ್ಕೆ ಉಲ್ಟಾ. ‘ಟ್ಯಾಕ್ಸ್ ಕಟ್ತೀನಲ್ಲ’ ಅಂತ ತೆಗೆದುಕೊಳ್ಳಬಾರದ ಹಣಕ್ಕೆ ಅರ್ಜಿ ಹಾಕಿ ತೊಂದರೆಗೆ ಸಿಕ್ಕಿಕೊಳ್ಳೋರು. ಯಾವುದನ್ನು ಕೇಳಬಹುದು, ಯಾವುದನ್ನು ಮುಟ್ಟಬಾರದು ಅನ್ನೋದು ಗೊತ್ತಿದ್ದರೆ ಎರಡೂ ತಪ್ಪುತ್ತದೆ. ಅದಕ್ಕೇ ಈ ತಿಂಗಳ ಬರಹ.

ನಾವಿರೋದು ಯಾರ ಕೈಲಿ?

ರೇನರ್ಸ್ ಲೇನ್ ಅನ್ನೋದು ನೂರಿಪ್ಪತ್ತು ವರ್ಷದ ಹಿಂದೆ ಬರೀ ಹೊಲ. 1906ರಲ್ಲಿ ಇಲ್ಲಿ ಒಂದು ಸಣ್ಣ ರೈಲು ನಿಲುಗಡೆ ಆಯ್ತು. 1930ರ ದಶಕದಲ್ಲಿ ಸಾಲು ಸಾಲು ಮನೆಗಳು ಎದ್ದವು. ನಾವು ದಿನಾ ಹತ್ತಿಳಿಯೋ ಇಟ್ಟಿಗೆಯ ಸ್ಟೇಷನ್ ಕಟ್ಟಡ, ಸಿನಿಮಾ ಮಂದಿರವಾಗಿ ಹುಟ್ಟಿ ಈಗ ಪಾರ್ಸಿಗಳ ಜೊರಾಸ್ಟ್ರಿಯನ್ ಕೇಂದ್ರವಾಗಿರೋ ಆ ಆನೆಸೊಂಡಿಲಿನ ಮುಂಭಾಗದ ಕಟ್ಟಡ, ಎರಡೂ ಆ ಕಾಲದವೇ. ಇದೆಲ್ಲ ಹ್ಯಾರೋ ಕೌನ್ಸಿಲ್ ವ್ಯಾಪ್ತಿ. ಸ್ವಲ್ಪ ಪಶ್ಚಿಮಕ್ಕೆ ಈಸ್ಟ್‌ಕೋಟ್ ಕಡೆ ಹೋದರೆ ಹಿಲಿಂಗ್‌ಡನ್ ಕೌನ್ಸಿಲ್ ಶುರು. ಹೊಸದಾಗಿ ಮನೆ ಹಿಡಿದವರು ಪೋಸ್ಟ್‌ಕೋಡ್ ಹಾಕಿ ತಮ್ಮದು ಯಾವ ಕೌನ್ಸಿಲ್ ಅಂತ ಮೊದಲು ನೋಡಿಕೊಳ್ಳಿ.

2021ರ ಜನಗಣತಿಯಲ್ಲಿ ಹ್ಯಾರೋದ ಜನಸಂಖ್ಯೆ ಸುಮಾರು 2.61 ಲಕ್ಷ. ಅದರಲ್ಲಿ ನೂರಕ್ಕೆ 45ರಷ್ಟು ಏಷ್ಯಾ ಮೂಲದವರು. ಈ ಊರಲ್ಲಿ ನಾವು ಮೂಲೆಯಲ್ಲಿ ನಿಂತ ಅತಿಥಿಗಳಲ್ಲ.

ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅನ್ನೋದರಲ್ಲೂ ಗೊಂದಲ ಇದೆ. ಕಸ, ಬೀದಿದೀಪ, ನಮ್ಮ ಬೀದಿಯ ಗುಂಡಿ, ಲೈಬ್ರರಿ, ಪಾರ್ಕು, ಪಾರ್ಕಿಂಗ್ ಪರ್ಮಿಟ್, ಶಾಲೆ ಸೇರ್ಪಡೆ, ಮನೆ ಕಟ್ಟೋ ಅನುಮತಿ, ಬಾಡಿಗೆ ಮನೆಗಳ ಸ್ಥಿತಿ, ಇವೆಲ್ಲ ಕೌನ್ಸಿಲ್‌ದು. ಟ್ಯೂಬು, ಬಸ್ಸು ಲಂಡನ್ ಮೇಯರ್ ಕೆಳಗಿನ ಸಾರಿಗೆ ಇಲಾಖೆಯದು. ಡಾಕ್ಟರು, ಆಸ್ಪತ್ರೆ ಎನ್‌ಎಚ್‌ಎಸ್‌ನದು. ವೀಸಾ ಹೋಮ್ ಆಫೀಸಿನದು. ನಾವು ಕಟ್ಟೋ ಕೌನ್ಸಿಲ್ ಟ್ಯಾಕ್ಸಿನಲ್ಲಿ ಒಂದು ಪಾಲು ಮೇಯರ್ ಕಚೇರಿಗೆ ಹೋಗುತ್ತದೆ. ಬಿಲ್ ತೆಗೆದು ನೋಡಿ, ಬೇರೆ ಸಾಲಿನಲ್ಲೇ ಬರೆದಿರುತ್ತಾರೆ.

ಬಿಲ್ಲಿನ ವಿಚಾರ

ಮನೆಗೆ ಎ ಯಿಂದ ಎಚ್ ವರೆಗೆ ಒಂದು ಬ್ಯಾಂಡ್ ಇರುತ್ತದೆ. 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಬಾಳುತ್ತಿತ್ತು ಅನ್ನೋದರ ಮೇಲೆ ಅದು ನಿಂತಿದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತು. ತಿಂಗಳ ಭಾರ ಕಡಿಮೆ ಆಗಲಿ ಅಂದರೆ ಹನ್ನೆರಡು ಕಂತು ಮಾಡಿಕೊಡಿ ಅಂತ ಕೇಳಬಹುದು. ಕಂತು ತಪ್ಪಿದರೆ ನೆನಪೋಲೆ ಬರುತ್ತದೆ. ಅದನ್ನೂ ಡ್ರಾಯರಿಗೆ ಹಾಕಿದರೆ ಕಂತಿನ ಸೌಲಭ್ಯವೇ ಹೋಗಿ, ಕೋರ್ಟ್ ಸಮನ್ಸ್ ಮತ್ತು ಅದರ ಖರ್ಚು ತಲೆ ಮೇಲೆ ಬೀಳುತ್ತದೆ. ಕಷ್ಟ ಇದ್ದರೆ ಮೊದಲೇ ಫೋನ್ ಮಾಡಿ ಹೇಳೋದು ಒಳ್ಳೇದು.

ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ನೂರಕ್ಕೆ 25 ರಿಯಾಯಿತಿ. ಮನೆಯಲ್ಲಿರೋ ಎಲ್ಲರೂ ಫುಲ್‌ಟೈಮ್ ವಿದ್ಯಾರ್ಥಿಗಳಾದರೆ ಟ್ಯಾಕ್ಸೇ ಇಲ್ಲ. ಇವೆರಡೂ ಪಬ್ಲಿಕ್ ಫಂಡ್ಸ್ ಅಲ್ಲ, ವೀಸಾದವರೂ ಧೈರ್ಯವಾಗಿ ಕೇಳಬಹುದು. ಹಿಂದಿನ ತಿಂಗಳುಗಳದ್ದನ್ನೂ ಕೇಳಬಹುದು. ಯಾವತ್ತಿನಿಂದ ಒಬ್ಬರೇ ಇದ್ದೀರಿ ಅನ್ನೋದಕ್ಕೆ ಬಾಡಿಗೆ ಕರಾರು ಕೈಲಿಟ್ಟುಕೊಳ್ಳಿ. ಮುಂದೆ ಇನ್ನೊಬ್ಬರು ಬಂದು ಸೇರಿದರೆ ತಿಳಿಸೋದನ್ನು ಮಾತ್ರ ಮರೆಯಬೇಡಿ.

ಆದರೆ ಹೆಸರು ಹತ್ತಿರ ಹತ್ತಿರ ಇರೋ ಇನ್ನೊಂದಿದೆ: ಕಡಿಮೆ ಆದಾಯದವರಿಗೆ ಕೊಡೋ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್, ಅಥವಾ ಸಪೋರ್ಟ್. ಇದು ಪಬ್ಲಿಕ್ ಫಂಡ್. ವೀಸಾದಲ್ಲಿ ನಿರ್ಬಂಧ ಇರೋರು ಅರ್ಜಿ ಹಾಕಬಾರದು. ಡಿಸ್ಕೌಂಟ್ ಬೇರೆ, ರಿಡಕ್ಷನ್ ಬೇರೆ. ಫಾರಂ ತುಂಬೋ ಮೊದಲು ಆ ಒಂದು ಪದ ನೋಡಿಕೊಳ್ಳಿ.

ಮುಟ್ಟಬಾರದ್ದು, ಮುಟ್ಟಬಹುದಾದ್ದು

ನಿರ್ಬಂಧ ಇರೋ ವೀಸಾದವರು ಕೈಹಾಕಬಾರದ್ದು: ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಮನೆ. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ನಿರ್ಬಂಧ ಇಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅಂಥವರು ಅರ್ಜಿ ಹಾಕೋ ಮೊದಲು ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳಲಿ. ಅಲ್ಲಿ ಸಲಹೆಗೆ ಕಾಸಿಲ್ಲ.

ಧೈರ್ಯವಾಗಿ ಕೇಳಬಹುದಾದ್ದು: ಸರ್ಕಾರಿ ಶಾಲೆ. ರಿಸೆಪ್ಷನ್ ತರಗತಿಗೆ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31 ಅರ್ಜಿಯ ಕೊನೇ ದಿನ. ವರ್ಷದ ಮಧ್ಯೆ ಊರಿಂದ ಮಕ್ಕಳನ್ನು ಕರೆಸಿಕೊಂಡರೂ ಕೌನ್ಸಿಲ್ ಮೂಲಕ ಅರ್ಜಿ ಹಾಕಬಹುದು. ಲಂಡನ್ನಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಸರ್ಕಾರಿ ಪ್ರೈಮರಿ ಶಾಲೆಯ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ವಾರಕ್ಕೆ 15 ಗಂಟೆ ಉಚಿತ ನರ್ಸರಿ ಎಲ್ಲರಿಗೂ ಇದೆ. ಕೆಲಸ ಮಾಡೋ ತಂದೆತಾಯಿಗೆ ಕೊಡೋ 30 ಗಂಟೆ ಮಾತ್ರ, ಇಬ್ಬರಿಗೂ ಪಬ್ಲಿಕ್ ಫಂಡ್ಸ್ ನಿರ್ಬಂಧ ಇದ್ದರೆ ಸಿಗೋದಿಲ್ಲ.

ಮಗು ಹುಟ್ಟಿದರೆ 42 ದಿನದೊಳಗೆ ನೋಂದಣಿ ಆಗಬೇಕು. ಇಲ್ಲಿ ನಮ್ಮವರು ಎಡವೋ ಒಂದು ಜಾಗ ಇದೆ. ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ ವಿಳಾಸದಲ್ಲಿ ಹ್ಯಾರೋ ಅಂತಿದ್ದರೂ ಅದು ನಿಂತಿರೋ ನೆಲ ಬ್ರೆಂಟ್ ಕೌನ್ಸಿಲ್‌ದು. ಅಲ್ಲಿ ಹುಟ್ಟಿದ ಮಗುವಿನ ನೋಂದಣಿಯೂ ಬ್ರೆಂಟ್‌ನಲ್ಲೇ. ಅಪ್ಪ-ಅಮ್ಮ ಇಬ್ಬರೂ ವರ್ಕ್ ವೀಸಾದಲ್ಲಿದ್ದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಆಗೋದಿಲ್ಲ. ಭಾರತೀಯ ಪೌರತ್ವಕ್ಕೆ ಒಂದು ವರ್ಷದೊಳಗೆ ಭಾರತದ ಹೈಕಮಿಷನ್‌ನಲ್ಲಿ ಜನನ ನೋಂದಾಯಿಸಿ.

ಹಂಚಿಕೊಂಡ ಮನೆ

ಹೊಸದಾಗಿ ಬಂದ ಹುಡುಗರು ಒಂದೇ ಮನೇಲಿ ಐದಾರು ಜನ ಇರೋದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದೇ ಕುಟುಂಬದವರಲ್ಲದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಬಾಡಿಗೆಗಿದ್ದರೆ ಮಾಲೀಕ ಕೌನ್ಸಿಲ್‌ನಿಂದ ಲೈಸೆನ್ಸ್ ತಗೊಂಡಿರಲೇಬೇಕು. ಲೈಸೆನ್ಸ್ ಪಡೆದ ಮನೆಗಳ ಪಟ್ಟಿಯನ್ನು ಯಾರು ಬೇಕಾದರೂ ಕೌನ್ಸಿಲ್‌ನಲ್ಲಿ ನೋಡಬಹುದು. ಲೈಸೆನ್ಸ್ ಇಲ್ಲದೆ ನಡೆಸಿದ್ದರೆ, ಕಟ್ಟಿದ ಬಾಡಿಗೆ ವಾಪಸ್ ಕೊಡಿಸಿ ಅಂತ ಬಾಡಿಗೆದಾರರು ಟ್ರಿಬ್ಯೂನಲ್‌ಗೆ ಹೋಗಬಹುದು. ರೂಮು ರೂಮಾಗಿ ಬೇರೆ ಬೇರೆ ಕರಾರಿನಲ್ಲಿ ಕೊಟ್ಟ ಇಂಥ ಮನೆಗಳಲ್ಲಿ ಕೌನ್ಸಿಲ್ ಟ್ಯಾಕ್ಸ್ ಹೊಣೆಯೂ ಸಾಮಾನ್ಯವಾಗಿ ಮಾಲೀಕನದ್ದೇ. ಗೋಡೆಗೆ ಬೂಸ್ಟು ಹಿಡಿದು ಮಾಲೀಕ ಕಿವಿಗೆ ಹಾಕಿಕೊಳ್ಳದಿದ್ದರೆ, ಫೋಟೋ ತೆಗೆದಿಟ್ಟು, ಮಾಲೀಕನಿಗೆ ಬರೆದ ಸಂದೇಶಗಳ ಸಮೇತ ಕೌನ್ಸಿಲ್‌ಗೆ ದೂರು ಕೊಡಿ.

ಎಲ್ಲಕ್ಕಿಂತ ದೊಡ್ಡದು: ನಮಗೂ ವೋಟಿದೆ

ಇದನ್ನು ಹೇಳಿದಾಗ ಅರ್ಧ ಜನ ನಂಬೋದೇ ಇಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ, ಪಿಆರ್ ಕೂಡ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಆದ್ದರಿಂದ ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಾಗಿರೋ 18 ದಾಟಿದ ಭಾರತೀಯ ಪ್ರಜೆ ಕೌನ್ಸಿಲ್ ಚುನಾವಣೆ, ಲಂಡನ್ ಮೇಯರ್ ಚುನಾವಣೆ, ಪಾರ್ಲಿಮೆಂಟ್ ಚುನಾವಣೆ ಮೂರರಲ್ಲೂ ವೋಟು ಹಾಕಬಹುದು. ವಿದ್ಯಾರ್ಥಿ ವೀಸಾದವರಿಗೂ, ವರ್ಕ್ ವೀಸಾದವರಿಗೂ, ಡಿಪೆಂಡೆಂಟ್‌ಗಳಿಗೂ ಇದು ಅನ್ವಯ. ಪಕ್ಕದ ಮನೆಯ ನೇಪಾಳಿ ಗೆಳೆಯರಿಗೆ ವೀಸಾದಲ್ಲಿರುವಾಗ ಈ ಹಕ್ಕಿಲ್ಲ, ನೇಪಾಳ ಕಾಮನ್‌ವೆಲ್ತ್‌ನಲ್ಲಿಲ್ಲ. ನಮಗೆ ತಾನಾಗಿ ಬಂದಿದ್ದನ್ನು ನಾವು ಬಿಟ್ಟು ಕೂತಿದ್ದೀವಿ.

ವೋಟು ಹಾಕಿದರೆ ಭಾರತದ ಪೌರತ್ವ ಹೋಗುತ್ತಾ? ಇಲ್ಲ. ಅದು ಹೋಗೋದು ಬೇರೆ ದೇಶದ ಪೌರತ್ವ ತಗೊಂಡಾಗ. ವೀಸಾಗೆ ತೊಂದರೆ ಆಗುತ್ತಾ? ಇಲ್ಲ, ಇದು ಕಾನೂನೇ ಕೊಟ್ಟ ಹಕ್ಕು. ಸರ್ಕಾರದ ವೆಬ್‌ಸೈಟಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹಾಕಿ ಹೆಸರು ನೋಂದಾಯಿಸೋಕೆ ಐದು ನಿಮಿಷ ಸಾಕು. ಮತಗಟ್ಟೆಗೆ ಫೋಟೋ ಇರೋ ಗುರುತು ಬೇಕು, ನಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ನೋಂದಣಿ ಮುಗಿಯುತ್ತದೆ, ಕೊನೇ ದಿನಕ್ಕೆ ಕಾಯಬೇಡಿ. ಶಿಫ್ಟ್ ಇರೋರು ಪೋಸ್ಟಲ್ ವೋಟು ಕೇಳಬಹುದು.

ಇನ್ನೊಂದು ಲಾಭವೂ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಮೊಬೈಲ್ ಕಾಂಟ್ರಾಕ್ಟ್ ಕೊಡೋರು ವಿಳಾಸ ತಾಳೆ ನೋಡೋಕೆ ಸುಲಭ, ಕ್ರೆಡಿಟ್ ಸ್ಕೋರಿಗೂ ಒಳ್ಳೇದು. ಕೌನ್ಸಿಲ್ ಕೇಳಿದ ಮೇಲೂ ನೋಂದಾಯಿಸದಿದ್ದರೆ 80 ಪೌಂಡ್ ದಂಡ ಹಾಕೋ ಅವಕಾಶವೂ ಕಾನೂನಿನಲ್ಲಿದೆ.

‘ನಮ್ಮೊಂದು ವೋಟಿಂದ ಏನಾಗುತ್ತೆ?’ ಅನ್ನೋರಿಗೆ ನಮ್ಮ ಬೀದಿಯ ಕತೆಯನ್ನೇ ಹೇಳಬಹುದು. ರೇನರ್ಸ್ ಲೇನ್‌ಗೆ ಅಂತ ಒಂದು ಲೈಬ್ರರಿ ಇತ್ತು. 2015ರಲ್ಲಿ ಹಣ ಉಳಿಸಬೇಕು ಅಂತ ಕೌನ್ಸಿಲ್ ಮುಚ್ಚಿದ ನಾಲ್ಕು ಲೈಬ್ರರಿಗಳಲ್ಲಿ ಅದೂ ಒಂದು. ಈಗ ಮಕ್ಕಳನ್ನು ಕರೆದುಕೊಂಡು ಸೌತ್ ಹ್ಯಾರೋದ ರಾಕ್ಸೆತ್ ಲೈಬ್ರರಿಗೆ ಹೋಗಬೇಕು. ಇಂಥ ತೀರ್ಮಾನ ಮಾಡೋರು ನಾವು ವೋಟು ಹಾಕಿ ಆರಿಸೋ 55 ಕೌನ್ಸಿಲರ್‌ಗಳು. 2022ರ ಮೇ ಚುನಾವಣೆಯಲ್ಲಿ ಕನ್ಸರ್ವೇಟಿವ್‌ಗೆ 31, ಲೇಬರ್‌ಗೆ 24 ಸ್ಥಾನ ಬಂತು. ನಾಲ್ಕು ಸ್ಥಾನ ಆಚೀಚೆ ಆಗಿದ್ದರೆ ಆಡಳಿತವೇ ಬೇರೆಯವರ ಕೈಗೆ. ವಾರ್ಡ್ ಚುನಾವಣೆಯಲ್ಲಿ ಕೆಲವೇ ನೂರು ವೋಟಿಗೆ ಫಲಿತಾಂಶ ತಿರುಗೋದುಂಟು. ಒಂದು ಕನ್ನಡ ಸಂಘದ ದೀಪಾವಳಿಗೆ ಸೇರೋ ಜನ ಅಷ್ಟು.

ಬೆಂಗಳೂರಿನವರಿಗೆ ಇದರ ಬೆಲೆ ಗೊತ್ತಿರಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ರಸ್ತೆ ಗುಂಡಿಗೆ ಯಾರನ್ನು ಕೇಳೋದು ಅಂತ ಜನ ಅಲೆದಾಡಿದರು. ಇಲ್ಲಿ ಕೇಳೋಕೆ ಕೌನ್ಸಿಲರ್ ಇದ್ದಾರೆ. ಅವರು ಜನರನ್ನು ಭೇಟಿಯಾಗೋ ಸಮಯಕ್ಕೆ ಸರ್ಜರಿ ಅಂತಾರೆ, ಡಾಕ್ಟರ ಸರ್ಜರಿ ಅಲ್ಲ! ನೀವು ಅವರಿಗೆ ವೋಟು ಹಾಕಿದ್ದೀರೋ ಇಲ್ಲವೋ, ನಿಮ್ಮ ವೀಸಾ ಯಾವುದು ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ.

ನಮ್ಮವರು ಆ ಕುರ್ಚಿಯಲ್ಲೂ ಕೂತಿದ್ದಾರೆ. ಕಲಬುರಗಿ ಕಡೆಯಿಂದ ಬಂದ ಡಾ. ನೀರಜ್ ಪಾಟೀಲ್ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, 2010-11ರಲ್ಲಿ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ಓಡಾಡಿದವರೂ ಅವರೇ. ಪಿಆರ್ ಸಿಕ್ಕಿದ ಭಾರತೀಯ ಪ್ರಜೆ, ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದೆಯೂ ಕೌನ್ಸಿಲ್ ಚುನಾವಣೆಗೆ ನಿಲ್ಲಬಹುದು.

ಈ ತಿಂಗಳು ಮಾಡಬೇಕಾದ್ದು

ಒಂದು, ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದು, ನಿಮಗೆ ಸಲ್ಲಬೇಕಾದ ರಿಯಾಯಿತಿ ಅದರಲ್ಲಿದೆಯಾ ನೋಡಿ. ಎರಡು, ಮೈ ಹ್ಯಾರೋ ಖಾತೆ ತೆರೆಯಿರಿ. ಎತ್ತದ ಕಸ, ಬೀದಿಗೆ ಎಸೆದ ಹಾಸಿಗೆ ಇವನ್ನೆಲ್ಲ ಮನೆಯಿಂದಲೇ ತಿಳಿಸಬಹುದು. ಮೂರು, ಮನೆಯಲ್ಲಿರೋ ವಯಸ್ಕರೆಲ್ಲ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಮನೆ ಬದಲಾಯಿಸಿದವರು ಮತ್ತೆ ನೋಂದಾಯಿಸಬೇಕು, ಹಳೇ ವಿಳಾಸದ್ದು ತಾನಾಗಿ ಬರೋದಿಲ್ಲ.

ಹಾಸನದ ಹುಡುಗಿ ಅವತ್ತೇ ಊಟ ಆದ ಮೇಲೆ ನಮ್ಮ ಅಡುಗೆಮನೆ ಮೇಜಿನ ಹತ್ತಿರ ಕೂತು ರಿಯಾಯಿತಿಯ ಅರ್ಜಿ ತುಂಬಿದಳು. ಮೂರು ವಾರಕ್ಕೆ ಹೊಸ ಬಿಲ್ ಬಂತು, ಹಿಂದೆ ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ಕಂತುಗಳಿಗೆ ವಜಾ ಮಾಡಿಕೊಂಡಿದ್ದರು. ಆ ದುಡ್ಡಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಮಾಡಿಸ್ತೀನಿ ಅಂದಳು. ‘ವೋಟಿಗೂ ಹೆಸರು ಹಾಕಿದ್ಯಾ?’ ಅಂದೆ. ‘ಹಾಕಿದೆ ಅಣ್ಣಾ. ಜೊತೇಲಿ ಕೆಲಸ ಮಾಡೋ ಇಬ್ಬರು ಮಲಯಾಳಿ ಹುಡುಗೀರದ್ದೂ ನಾನೇ ಹಾಕಿಸಿದೆ’ ಅಂದಳು.