ಕುಳಿತು ಕೆಲಸ ಮಾಡುವ ಹಿರಿಯರೂ ಜಡರೇ?

ಪ್ರಶ್ನೆ: ಹೊಗೆಸೊಪ್ಪು ವಿಂಗಡಿಸುತ್ತ ದಿನವಿಡೀ ಕೂರುವ ಹುಣಸೂರು ಬಳಿಯ ಗುರುಪುರ ಸೀಮೆಯ ವೃದ್ಧರಿಗೂ ಟಿ.ವಿ. ಮುಂದೆ ಕೂರುವವರಷ್ಟೇ ಅಪಾಯವಿದೆಯೇ?

ಉತ್ತರ: ಎಚ್ಚರವಿರುವಾಗ ಕುಳಿತೋ ಒರಗಿಯೋ, ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿಯ ಒಂದೂವರೆ ಪಟ್ಟು ಮೀರದಂತೆ ಕಳೆಯುವ ಹೊತ್ತನ್ನು ವೈದ್ಯವಿಜ್ಞಾನವು ‘ಜಡ ವರ್ತನೆ’ ಎನ್ನುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದಗೊಂಡ ಸೊಪ್ಪನ್ನು ಬಣ್ಣ ನೋಡಿ ಬೇರ್ಪಡಿಸುವಾಗ ಕೈಗೂ ಮನಸ್ಸಿಗೂ ಕೆಲಸವಿರುತ್ತದೆಯಾದರೂ, ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಬಳಸುವ ತೊಡೆ, ಮೀನಖಂಡಗಳ ಸ್ನಾಯುಗಳು ಸುಮ್ಮನಿರುವುದರಿಂದ ದೇಹದ ಲೆಕ್ಕದಲ್ಲಿ ಅದೂ ಬಹುಮಟ್ಟಿಗೆ ಕೂರುವಿಕೆಯೇ. ಆದರೆ ಕೂರುವ ಭಂಗಿಯೂ ಮುಖ್ಯವೆನ್ನಲು ಆಧಾರವುಂಟು: ಟಾಂಜಾನಿಯಾದ ಹಡ್ಜಾ ಬೇಟೆಗಾರರು ದಿನಕ್ಕೆ ಸುಮಾರು 10 ಗಂಟೆ ವಿರಮಿಸಿದರೂ ಅದರಲ್ಲೊಂದು ಪಾಲು ಕುಕ್ಕರಗಾಲಿನಲ್ಲಿ ಕಳೆಯುವುದರಿಂದ ಕಾಲಿನ ಸ್ನಾಯುಗಳು ದುಡಿಯುತ್ತಲೇ ಇರುತ್ತವೆಂದು 2020ರ ಅಧ್ಯಯನವೊಂದು ತೋರಿಸಿತು.

ದೀರ್ಘಕಾಲ ಕೂರುವವರಲ್ಲಿ ಹೃದ್ರೋಗ, ಮಧುಮೇಹ ಹೆಚ್ಚೆಂಬುದು ನಿಜ. ಆದರೆ ಮಂಡಿನೋವಿನಂಥ ಕಾಯಿಲೆಯೇ ಹಿರಿಯರನ್ನು ಕೂರಿಸಿರಬಹುದಾದ್ದರಿಂದ ಕಾರಣ-ಪರಿಣಾಮಗಳನ್ನು ಬಿಡಿಸುವುದು ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ಇಷ್ಟೇ ಗಂಟೆ ಕೂರಬೇಕೆಂಬ ಮಿತಿ ಹಾಕದೆ, 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, ಬೀಳದಿರಲೆಂದು ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸಿದೆ. ಗುರುಪುರದಲ್ಲಿ ನೆಲೆಸಿರುವ ಟಿಬೆಟಿಯನ್ ಹಿರಿಯರು ಜಪಮಾಲೆ ಹಿಡಿದು ಗುಡಿಗೆ ಹಾಕುವ ಪ್ರದಕ್ಷಿಣೆ, ಹೆಜ್ಜೆ ಚುರುಕಾಗಿದ್ದರೆ, ಈ 150 ನಿಮಿಷಗಳ ಲೆಕ್ಕಕ್ಕೆ ಧಾರಾಳವಾಗಿ ಸೇರುತ್ತದೆ.