ಮಲೆಯ ಅಡುಗೆಯೂ ಬೇಟೆಯ ನೆನಪೂ

ಮಂಗಳೂರೆಂದರೆ ಮೀನಿನ ಊರೆಂಬುದು ಘಟ್ಟದ ಮೇಲಿನವರ ಸಾಮಾನ್ಯವಾದ ಎಣಿಕೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ನಗರದ ಮುಂದೆ ಕಡಲಿರುವಂತೆಯೇ ಬೆನ್ನಿಗೆ ಸಹ್ಯಾದ್ರಿಯೂ ಇದೆ. ಪುತ್ತೂರು, ಸುಳ್ಯ, ಸಂಪಾಜೆಗಳನ್ನು ದಾಟಿ ಮಡಿಕೇರಿಗೆ ಏರುವ ಹಾದಿಯಲ್ಲಿ ಹೊರಟವನಿಗೆ ಕಡಲಿನ ಅಡುಗೆಯು ಹಿಂದುಳಿದು ಮಲೆಯ ಅಡುಗೆಯು ಎದುರಾಗುತ್ತದೆ. ಆ ಅಡುಗೆಯಲ್ಲಿ ಬೇಟೆಯ ಮಾಂಸಕ್ಕೆ ಒಂದು ಕಾಲದಲ್ಲಿ ಗೌರವದ ಸ್ಥಾನವಿದ್ದಿತು. ಇಂದು ಅದು ನೆನಪು ಮಾತ್ರ. ಆ ನೆನಪಿನಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಟ್ಟುಕೊಡತಕ್ಕದ್ದು ಯಾವುದು ಎಂಬುದನ್ನು ತಮ್ಮೊಡನೆ ವಿಚಾರ ಮಾಡಬೇಕೆಂದು ನನ್ನ ಅಪೇಕ್ಷೆ.

ಕನ್ನಡ ನಾಡಿಗೆ ಬೇಟೆಯು ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. 949–50ರ ಶಾಸನವೊಂದು ಕಾಳಿ ಎಂಬ ಬೇಟೆನಾಯಿಯ ವೃತ್ತಾಂತವನ್ನು ತಿಳಿಸುತ್ತದೆ. ಗಂಗರ ಬೂತುಗನಿಂದ ಆ ನಾಯಿಯನ್ನು ಪಡೆದ ಮಣಲೆರನು ಅದನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟನು. ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಸತ್ತುವು. ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿದರು. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯ ಬಗೆಗಳೂ ಹಂದಿಯ ಮಾಂಸವನ್ನು ಪಾಕಮಾಡುವ ಕ್ರಮಗಳೂ ಇವೆ. ಆದರೆ ಕನ್ನಡದ ಪ್ರಸಿದ್ಧ ಪಾಕಗ್ರಂಥವಾದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಸಸ್ಯಾಹಾರಕ್ಕೇ ಮೀಸಲಾದದ್ದು. ಹೀಗಾಗಿ ನಮ್ಮ ಮಾಂಸದ ಅಡುಗೆಯ ವಿದ್ಯೆಯು ಬಹುಮಟ್ಟಿಗೆ ಓಲೆಗೇರದೆ ಒಲೆಯ ಮುಂದೆಯೇ ಬಾಯಿಂದ ಬಾಯಿಗೆ ನಡೆದುಬಂದಿತು. ಬಾಯಿಯ ವಿದ್ಯೆಗೆ ಒಂದು ಅಪಾಯವುಂಟು: ಹೇಳುವವರು ಹೋದರೆ ಅದೂ ಹೋಗುತ್ತದೆ.

ಮಲೆಯವರು ದಿನವೂ ಬೇಟೆಯ ಮಾಂಸವನ್ನು ಉಣ್ಣುತ್ತಿದ್ದರೆಂದು ಯಾರೂ ಭಾವಿಸಬಾರದು. ನಿತ್ಯದ ಊಟಕ್ಕೆ ಕಾಡು ಒದಗಿಸುತ್ತಿದ್ದುದು ಎಲೆ, ಚಿಗುರು, ಗೆಡ್ಡೆಗಳನ್ನು. ಮಳೆಗಾಲದ ಆಟಿ ತಿಂಗಳಲ್ಲಿ, ಕಣಜ ಬರಿದಾಗುವ ಹೊತ್ತಿಗೆ, ಕಣಿಲೆ ಎಂದು ತುಳುವರು ಕರೆಯುವ ಬಿದಿರಿನ ಕಳಲೆ, ಅಣಬೆ, ಕೆಸುವಿನ ಎಲೆ, ತಜಂಕಿನ ಸೊಪ್ಪು, ಬೇಸಗೆಯಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಇವೇ ಮನೆಯನ್ನು ಕಾಯುತ್ತಿದ್ದುವು. ಕಳಲೆಯನ್ನು ನೀರಿನಲ್ಲಿ ನೆನೆಯಿಟ್ಟು, ನೀರನ್ನು ಬದಲಿಸುತ್ತ ಅದರ ನಂಜನ್ನು ತೆಗೆಯಬೇಕೆಂಬ ತಿಳಿವಳಿಕೆಯೂ ಈ ವಿದ್ಯೆಯ ಭಾಗವೇ. ಮಾಂಸವು ಬರುತ್ತಿದ್ದುದು ಅಪರೂಪಕ್ಕೆ. ಅಪರೂಪವಾದ್ದರಿಂದಲೇ ಅದು ನೆನಪಿನಲ್ಲಿ ನಿಂತಿತು.

ಬೇಟೆಗೆ ಕಾಲವೂ ಕಟ್ಟಳೆಯೂ ಇದ್ದುವು. ಫೆಬ್ರವರಿಯಲ್ಲಿ, ತುಳುವರ ಪೊನ್ನಿ ತಿಂಗಳ ಕೊನೆಗೆ, ಕೆಡ್ಡಸವೆಂಬ ಹಬ್ಬ ಬರುತ್ತದೆ. ಭೂಮಿತಾಯಿಯು ರಜಸ್ವಲೆಯಾಗಿರುವಳೆಂದು ನಂಬುವ ಆ ದಿನಗಳಲ್ಲಿ ನೆಲವನ್ನು ಉಳುವಂತಿಲ್ಲ, ಅಗೆಯುವಂತಿಲ್ಲ. ಹೆಂಗಸರು ಅಕ್ಕಿ, ಹುರುಳಿ, ಹೆಸರುಗಳನ್ನು ಹುರಿದು ಪುಡಿಮಾಡಿ ಬೆಲ್ಲ, ತೆಂಗಿನಕಾಯಿಗಳೊಡನೆ ಕಲಸಿ ನನ್ನೆರಿಯನ್ನು ಸಿದ್ಧಪಡಿಸುವರು; ಗಂಡಸರು ಹಿಂದೆ ಬೇಟೆಗೆ ಹೊರಡುತ್ತಿದ್ದರು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ ಕಾಡಿಗೆ ಹೋಗುವ ರೂಢಿಯಿದ್ದಿತು.

ಸುಳ್ಯದ ಕಡೆಯವರಾದ ನನ್ನ ಅಜ್ಜಿಯು ಬೇಟೆಯ ಸಾಹಸವನ್ನು ಎಂದೂ ವರ್ಣಿಸಿದವರಲ್ಲ. ಅವರು ಹೇಳುತ್ತಿದ್ದುದು ಪಾಲಿನ ವಿಷಯ. ಗುಂಡು ಹೊಡೆದವನಿಗೆ ಒಂದು ಪಾಲು, ನಾಯಿಯ ಒಡೆಯನಿಗೆ ಒಂದು, ಕಾಡು ಸೋವಿದವರಿಗೆ ತಲೆಗೊಂದು. ಇಷ್ಟಾದ ಮೇಲೆ, ಬೇಟೆಗೆ ಕಳುಹಲು ಗಂಡುದಿಕ್ಕಿಲ್ಲದ ವಿಧವೆಯೊಬ್ಬಳ ಮನೆಗೂ ಬಾಳೆಯೆಲೆಯಲ್ಲಿ ಕಟ್ಟಿದ ಪೊಟ್ಟಣವೊಂದು ಹೋಗುತ್ತಿತ್ತಂತೆ. “ಆ ಮನೆಯ ಒಲೆಯಿಂದ ಹೊಗೆಯೇಳುವವರೆಗೆ ನಮ್ಮ ಮನೆಯಲ್ಲಿ ಎಲೆ ಹಾಕುತ್ತಿರಲಿಲ್ಲ, ಮಗಾ,” ಎಂದು ಅವರು ನುಡಿಯುತ್ತಿದ್ದರು.

ಇನ್ನು ಅಡುಗೆಯ ಮರ್ಮವನ್ನು ನೋಡೋಣ. ಕಾಡುಮೃಗವು ಓಡಾಡಿ ಬೆಳೆದದ್ದು. ಅದರ ಮಾಂಸವು ಬಿರುಸು, ವಾಸನೆಯು ಕಟು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಅದರ ನಾರಿನಂತಹ ಅಂಟುಭಾಗವು ಕರಗಿ ಮಾಂಸವು ಮೆತ್ತಗಾಗುತ್ತದೆ. ಹಂದಿಯ ಮಾಂಸದಲ್ಲಿ ಅಡಗಿರಬಹುದಾದ ಹುಳುಗಳೂ ನಾಶವಾಗುತ್ತವೆ. ಕೊಡಗಿನವರು ಇದಕ್ಕೆ ಕಾಚಂಪುಳಿಯನ್ನು ಸೇರಿಸುವರು. ಮಲೆನಾಡಿನಲ್ಲಿ ಉಪ್ಪಾಗೆಯೆಂದು ಕರೆಯುವ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿದರೆ ದೊರೆಯುವ ಹುಳಿಯೇ ಇದು. ಇದು ಕೊಬ್ಬಿನ ಜಿಡ್ಡನ್ನು ತಗ್ಗಿಸಿ, ಮಾಂಸವು ಬೇಗ ಕೆಡದಂತೆ ತಡೆಯುತ್ತದೆ. ಸಹ್ಯಾದ್ರಿಯದೇ ಬೆಳೆಯಾದ ಮೆಣಸು, ಕಪ್ಪಗೆ ಹುರಿದ ಕೊತ್ತಂಬರಿ, ಜೀರಿಗೆ ಇವು ಜೊತೆಗೂಡುತ್ತವೆ. ಮಿಕ್ಕ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿದರೆ ಹೊಗೆಯೇ ಅದನ್ನು ಕಾಪಾಡುತ್ತಿತ್ತು. ಕಾಡು ಕೊಟ್ಟ ಮಾಂಸಕ್ಕೆ ಕಾಡೇ ಕೊಟ್ಟ ಮದ್ದುಗಳಿವು.

ಆದರೆ ನೆನಪಿಗೆ ಸಿಹಿಯನ್ನು ಮಾತ್ರ ಆಯ್ದುಕೊಳ್ಳುವ ಚಪಲವುಂಟು. ಬಂದೂಕು ಸುಲಭವಾಯಿತು, ಕಾಡಿನೊಳಕ್ಕೆ ರಸ್ತೆ ಬಂದಿತು, ರಾತ್ರಿಯ ವೇಳೆ ಕಣ್ಣಿಗೆ ಬೆಳಕು ಬಿಟ್ಟು ಹೊಡೆಯುವುದೂ, ಉರುಳನ್ನೊಡ್ಡುವುದೂ, ಮಾಂಸವನ್ನು ಮಾರುವುದೂ ಮೊದಲಾದುವು. ಪಾಲಿನ ಕಟ್ಟಳೆಯು ಸಡಿಲಿದಲ್ಲಿ ಬೇಟೆಯು ಬರಿಯ ಕೊಲೆಯಾಯಿತು. ಕಡವೆ, ಕಾಡುಕುರಿ, ಬರ್ಕಗಳು ವಿರಳವಾದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಮಾಡಿತು. 1991ರ ತಿದ್ದುಪಡಿಯು ವಿನೋದಕ್ಕಾಗಿ ಬೇಟೆಯಾಡಲು ಪರವಾನಗಿ ಕೊಡುವ ಪದ್ಧತಿಯನ್ನೇ ತೆಗೆದುಹಾಕಿತು. ಇದು ನ್ಯಾಯವೇ ಎಂದು ನಾನು ಹೇಳುವೆನು.

ಅಮೆರಿಕದ ಅಪಲೇಷಿಯನ್ ಬೆಟ್ಟಗಳ ಜನರಿಗೂ ಇಂಥದೇ ನೆನಪುಗಳಿವೆ: ಜಿಂಕೆ, ಅಳಿಲುಗಳ ಮಾಂಸ, ಹೊಗೆಯಲ್ಲಿಟ್ಟ ಹಂದಿಯ ತೊಡೆ, ವಸಂತದಲ್ಲಿ ಚಿಗುರುವ ಕಾಡು ಈರುಳ್ಳಿ. ಮಾರಾಟದ ಬೇಟೆಯಿಂದ ಅಲ್ಲಿಯೂ ಜಿಂಕೆಗಳು ಕ್ಷೀಣಿಸಿದ್ದುವು. ಕಾನೂನು ಬಾಹಿರವಾಗಿ ಕೊಂದ ಮೃಗವನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಾಗಿಸುವುದನ್ನು 1900ರ ಲೇಸಿ ಕಾಯಿದೆಯು ನಿಷೇಧಿಸಿತು. 1937ರ ಕಾಯಿದೆಯೊಂದು ಬಂದೂಕು, ತೋಟೆಗಳ ಮೇಲಣ ತೆರಿಗೆಯನ್ನು ವನ್ಯಮೃಗಗಳ ಪುನರುದ್ಧಾರಕ್ಕೆ ಒದಗಿಸಿತು. ಜಿಂಕೆಗಳು ಮತ್ತೆ ಹೆಚ್ಚಿದುವು. ಅಲ್ಲಿಯವರು ಇಂದಿಗೂ ಪರವಾನಗಿ ಪಡೆದು ಬೇಟೆಯಾಡುತ್ತಾರೆ. ನಮ್ಮ ದಾರಿ ಬೇರೆ. ಇಕ್ಕಟ್ಟಾದ ಕಾಡು, ಕಿಕ್ಕಿರಿದ ಜನ. ಆ ಸಲಿಗೆ ನಮಗೆ ಒಪ್ಪದು.

ಹಾಗಾದರೆ ಉಳಿಯುವುದೇನು? ಅಡುಗೆಯು ಉಳಿಯುತ್ತದೆ. ಕೊಡಗಿನ ಕಡಂಬುಟ್ಟು, ಮಂಗಳೂರಿನ ಪುಂಡಿ ಇವು ಅಕ್ಕತಂಗಿಯರು; ಎರಡೂ ಹಬೆಯಲ್ಲಿ ಬೆಂದ ಅಕ್ಕಿಯ ಉಂಡೆಗಳೇ. ಸಾಕಿದ ಹಂದಿಗೂ ಕಾಚಂಪುಳಿಯು ಒಪ್ಪುತ್ತದೆ. ನಮ್ಮ ನಗರದ ಕ್ರೈಸ್ತರು ಬಾಫಾತಿನ ಪುಡಿಯಲ್ಲಿ ಬೇಯಿಸಿ ಸಣ್ಣದೊಡನೆ ಉಣ್ಣುವ ಹಂದಿಯ ಪದಾರ್ಥವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅವರ ಬಳಿ ಕುಳಿತು, ಹುಳಿಯೆಷ್ಟು, ಉರಿಯೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅದರೊಡನೆ ಪಾಲೆಷ್ಟು ಎಂಬುದನ್ನೂ ಬರೆದಿಡಬೇಕು. ಬಂದೂಕು ಮೂಲೆಗೆ ಸೇರಿದರೆ ನಷ್ಟವಿಲ್ಲ. ನೆರೆಮನೆಗೆ ಹೋಗುತ್ತಿದ್ದ ಆ ಬಾಳೆಯೆಲೆಯ ಪೊಟ್ಟಣವು ನಿಂತುಹೋಗಬಾರದು.