ಸಂದರ್ಭ ಸೂಚಿಸಿ ವಿವರಿಸಿ

ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವಳು ನಾನು. 'ಈ ಕೆಳಗಿನ ವಾಕ್ಯಗಳ ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ' ಎಂಬ ಪ್ರಶ್ನೆಯನ್ನು ಎಷ್ಟು ಪತ್ರಿಕೆಗಳಲ್ಲಿ ಬರೆದಿರುವೆನೋ ಲೆಕ್ಕವಿಲ್ಲ. ಯಾರು, ಯಾರಿಗೆ, ಯಾವಾಗ ಆಡಿದ ಮಾತು ಎಂಬುದನ್ನು ಅರಿಯದೆ ಅರ್ಥ ಹೇಳಹೊರಟವನಿಗೆ ಅಂಕ ಕೊಡತಕ್ಕದ್ದಲ್ಲ ಎಂದು ಕಿರಿಯ ಸಹೋದ್ಯೋಗಿಗಳಿಗೆ ಉಪದೇಶ ಮಾಡಿದವಳೂ ಹೌದು. ಆದರೆ ಅದೇ ಪ್ರಶ್ನೆ ನನ್ನ ಹೊಟ್ಟೆಯೊಳಗಿನ ಒಂದು ವಸ್ತುವನ್ನು ಕುರಿತು ನನಗೇ ಎದುರಾದೀತೆಂದು ಎಣಿಸಿರಲಿಲ್ಲ. ಇಂದಿನ ನನ್ನ ಮಾತು ಆ ಪರೀಕ್ಷೆಯ ವೃತ್ತಾಂತ. ಹೆಂಗಸರ ಕಾಯಿಲೆಗಳನ್ನು ಪಿಸುಮಾತಿನಲ್ಲಿ ಆಡಿಕೊಳ್ಳುವುದು ನಮ್ಮಲ್ಲಿ ರೂಢಿ. ಬಾನುಲಿಯಲ್ಲಿ ಆಡಬಹುದೆ ಎಂದು ಮೊದಲು ನಾನೂ ಹಿಂಜರಿದೆ. ಪಿಸುಮಾತಿನಲ್ಲಿ ಅರ್ಧ ಅರ್ಥ ಸೋರಿಹೋಗುತ್ತದೆ ಎಂಬುದು ಅನುಭವಕ್ಕೆ ಬಂದ ಮೇಲೆ ಆ ಸಂಕೋಚವನ್ನು ಬಿಟ್ಟೆ.

2022ರ ಬೇಸಗೆ. ಆಗ ನನಗೆ ಅರವತ್ತನಾಲ್ಕು; ಮುಟ್ಟು ನಿಂತು ಹದಿಮೂರು ವರ್ಷ ಕಳೆದಿದ್ದುವು. ಊಟವಾದ ಮೇಲೆ ಬಲಗಡೆ ಪಕ್ಕೆಯಲ್ಲಿ ನೋವು ಬರುತ್ತಿದ್ದುದರಿಂದ ಪಿತ್ತಕೋಶದಲ್ಲಿ ಕಲ್ಲಿದೆಯೇನೋ ನೋಡಬೇಕೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಕಲ್ಲು ಇರಲಿಲ್ಲ. ವರದಿಯ ಕೊನೆಯಲ್ಲಿ ಮಾತ್ರ ಎರಡು ಸಾಲು ಹೆಚ್ಚಾಗಿದ್ದುವು. ಎಡ ಅಂಡಾಶಯದಲ್ಲಿ 4.2 ಸೆಂಟಿಮೀಟರ್ ಅಳತೆಯ ಒಂದು ಸಿಸ್ಟ್ ಇದೆ, ಇದನ್ನು ರೋಗಿಯ ಲಕ್ಷಣಗಳೊಡನೆ ತಾಳೆ ನೋಡುವುದು ಎಂಬುದು ಅವುಗಳ ತಾತ್ಪರ್ಯ. ಕಲ್ಲನ್ನು ಹುಡುಕಹೋದವಳಿಗೆ ಇದು ದೊರೆಯಿತು.

ನಮ್ಮ ಊರಿನ ವೈದ್ಯರೊಬ್ಬರು ವರದಿಯನ್ನು ನೋಡಿ, "ಮೇಡಂ, ಈ ವಯಸ್ಸಿನಲ್ಲಿ ಅಂಡಾಶಯದಲ್ಲಿ ಗಡ್ಡೆ ಇರಬಾರದು. ಗರ್ಭಕೋಶ, ಎರಡು ಅಂಡಾಶಯ ಎಲ್ಲಾ ಒಟ್ಟಿಗೇ ತೆಗೆದುಬಿಡೋಣ. ಇನ್ನು ಅವನ್ನು ಇಟ್ಟುಕೊಂಡು ಏನು ಮಾಡ್ತೀರಿ? ಸೋಮವಾರ ಬಂದು ಅಡ್ಮಿಟ್ ಆಗಿ" ಎಂದರು. ಒಪ್ಪಿಗೆಯ ಕಾಗದವನ್ನು ನಮ್ಮ ಯಜಮಾನರ ಕಡೆಗೆ ಸರಿಸಿದರು. ಅವರು ವಿಧೇಯ ವಿದ್ಯಾರ್ಥಿಯಂತೆ ಜೇಬಿನಿಂದ ಪೆನ್ನು ತೆಗೆದರು. ಆ ವೈದ್ಯರು ಕೆಟ್ಟವರೆಂದು ನಾನು ಹೇಳಲಾರೆ; ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆದರೂ ನಾಲ್ಕು ನಿಮಿಷಗಳಲ್ಲಿ ನನ್ನ ಶರೀರದ ಮೂರು ಅಂಗಗಳ ತೀರ್ಮಾನವಾಗಿಹೋದದ್ದನ್ನು ಕಂಡು ನಾನು, "ಸೋಮವಾರದೊಳಗೆ ತಿಳಿಸುತ್ತೇವೆ" ಎಂದು ಹೇಳಿ ಎದ್ದು ಬಂದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಕಾಡಿದ್ದು 'ಗಡ್ಡೆ' ಎಂಬ ಶಬ್ದ. ನಮ್ಮ ಭಾಷೆಯಲ್ಲಿ ಸುವರ್ಣಗೆಡ್ಡೆಯಿಂದ ಹಿಡಿದು ಕ್ಯಾನ್ಸರಿನವರೆಗೆ ಎಲ್ಲಕ್ಕೂ ಅದೊಂದೇ ಮಾತು. ಸಿಸ್ಟ್ ಎಂದರೆ ದ್ರವ ತುಂಬಿದ ಒಂದು ಚೀಲ, ನೀರಗುಳ್ಳೆಯ ಜಾತಿ. ಟ್ಯೂಮರ್ ಎಂಬುದು ಬೇರೆ. ಅದರಲ್ಲಿಯೂ ನಿರಪಾಯದ್ದು, ಅಪಾಯದ್ದು ಎಂಬ ಭೇದವುಂಟು. ಇವೆಲ್ಲವನ್ನೂ ಒಂದೇ ಶಬ್ದದ ಗೋಣಿಯೊಳಗೆ ತುಂಬಿ ಕೊಟ್ಟರೆ, ಹೊರುವವಳು ಅದನ್ನು ತೀರ ಭಾರವಾದ ಅರ್ಥದಲ್ಲಿಯೇ ಹೊರುತ್ತಾಳೆ.

ಮನಸ್ಸಿನಲ್ಲಿ ಇಬ್ಬರು ಹೆಂಗಸರು ಎದ್ದು ನಿಂತರು. ಒಬ್ಬಳು ನನ್ನ ಅಕ್ಕ. 1986ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬಿಳಿಸೆರಗು ಮತ್ತು ಸೊಂಟನೋವೆಂದು ಹೋದವಳಿಗೆ 'ಮಕ್ಕಳಾಗಿವೆ, ಇನ್ನು ಅದು ಖಾಲಿ ಚೀಲ' ಎಂದು ಗರ್ಭಕೋಶದೊಡನೆ ಎರಡು ಅಂಡಾಶಯಗಳನ್ನೂ ತೆಗೆದುಬಿಟ್ಟರು. ಸೋಂಕಿಗೆ ಕೊಡುವ ಮಾತ್ರೆಗಳಿಂದ ವಾಸಿಯಾಗಬಹುದಾಗಿದ್ದ ಕಾಯಿಲೆಯದು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಆ ವಯಸ್ಸಿನಲ್ಲಿ ಅಂಡಾಶಯ ಹೋದರೆ ಎಲುಬನ್ನೂ ಹೃದಯವನ್ನೂ ಕಾಯುವ ಹಾರ್ಮೋನು ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಅಕ್ಕ ವರ್ಷಗಟ್ಟಲೆ ಮೈಯುರಿಯಿಂದ ನರಳಿದಳು. ಅರವತ್ತು ತುಂಬುವ ಮೊದಲೇ ಬಚ್ಚಲುಮನೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು.

ಮತ್ತೊಬ್ಬಳು ನನ್ನ ಗೆಳತಿ, ನಮ್ಮ ಕಾಲೇಜಿನಲ್ಲಿಯೇ ಇತಿಹಾಸದ ಅಧ್ಯಾಪಕಿ. ಮುಟ್ಟು ನಿಂತು ಆರು ವರ್ಷದ ಮೇಲೆ ಒಂದೆರಡು ಹನಿ ಕಾಣಿಸಿಕೊಂಡಾಗ 'ಉಷ್ಣವಿರಬೇಕು' ಎಂದು ಎಳನೀರು ಕುಡಿದು ಸುಮ್ಮನಾದಳು. ಒಂದೂವರೆ ವರ್ಷದ ಮೇಲೆ ವೈದ್ಯರ ಬಳಿ ಹೋಗುವಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೊರಗೆ ಹಬ್ಬಿತ್ತು. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ನಿಜ. ಆದರೆ ಆ ಹತ್ತನೆಯವಳು ತಾನೇ ಎಂಬುದು ಪರೀಕ್ಷೆ ಮಾಡಿಸದೆ ಯಾರಿಗೂ ತಿಳಿಯದು.

ಅಕ್ಕನ ನೆನಪು 'ಹೋಗಬೇಡ' ಎಂದಿತು. ಗೆಳತಿಯ ನೆನಪು 'ಹೋಗು' ಎಂದಿತು. ಎರಡೂ ನನ್ನ ಹೊಟ್ಟೆಯನ್ನು ಕುರಿತ ಸಾಕ್ಷ್ಯಗಳಲ್ಲ, ಬೇರೆಯವರ ಕಥೆಗಳು ಎಂಬುದು ಹೊಳೆದದ್ದು ಬೆಳಗಿನ ಜಾವಕ್ಕೆ. ವರದಿಯ ಆ ಕೊನೆಯ ಸಾಲು ಆಗ ಮತ್ತೆ ನೆನಪಾಯಿತು. 'ಲಕ್ಷಣಗಳೊಡನೆ ತಾಳೆ ನೋಡುವುದು' ಎಂದರೆ 'ಸಂದರ್ಭ ಸೂಚಿಸಿ' ಎಂದಲ್ಲದೆ ಮತ್ತೇನು? ಸ್ಕ್ಯಾನಿಂಗಿನವರು ವಾಕ್ಯವನ್ನು ಮಾತ್ರ ಕೊಟ್ಟಿದ್ದರು. ಸಂದರ್ಭವನ್ನು ಇನ್ನೂ ಯಾರೂ ಬರೆದಿರಲಿಲ್ಲ.

ವರದಿಯನ್ನೂ ಒಂದು ನೋಟುಬುಕ್ಕನ್ನೂ ಹಿಡಿದುಕೊಂಡು ಮೈಸೂರಿನ ಹಿರಿಯ ವೈದ್ಯೆಯೊಬ್ಬರಲ್ಲಿಗೆ ಹೋದೆ. ನೋಟುಬುಕ್ಕಿನಲ್ಲಿ ಪ್ರಶ್ನೆಗಳಿದ್ದುವು. ಇದು ಏನು? ಕ್ಯಾನ್ಸರ್ ಆಗಿರುವ ಸಂಭವ ಎಷ್ಟು, ಅದನ್ನು ಅಳೆಯುವುದು ಹೇಗೆ? ಕಾದರೆ ಏನಾಗುತ್ತದೆ? ತೆಗೆಯುವುದಾದರೆ ಯಾವುದನ್ನು, ಏಕೆ? ಗರ್ಭಕೋಶ ಮಾಡಿದ ತಪ್ಪೇನು? ಕೊನೆಯದನ್ನು ಓದಿ ಅವರು ನಕ್ಕರು. ಆಮೇಲೆ ಕುಳ್ಳಿರಿಸಿಕೊಂಡು ಒಂದೊಂದನ್ನೇ ವಿವರಿಸಿದರು.

ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಅಂಡಾಶಯವನ್ನು ದೂರದಿಂದ ನೋಡುತ್ತದೆ. ಯೋನಿಮಾರ್ಗದಿಂದ ಮಾಡುವುದು ಹತ್ತಿರದಿಂದ ನೋಡುತ್ತದೆ. ಅದನ್ನು ಮಾಡಿಸಿದಾಗ, ಚೀಲಕ್ಕೆ ತೆಳುವಾದ ಗೋಡೆ, ಒಳಗೆ ಒಂದೇ ಕೋಣೆ, ತಿಳಿಯಾದ ದ್ರವ, ಎಲ್ಲಿಯೂ ಗಟ್ಟಿ ಭಾಗವಿಲ್ಲ, ಹೊಟ್ಟೆಯಲ್ಲಿ ನೀರು ಸೇರಿಲ್ಲ ಎಂದು ತಿಳಿದುಬಂತು. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನನ್ನು ಅಳೆದರು. 35ರೊಳಗೆ ಇರಬೇಕಾದದ್ದು ನನಗೆ 18 ಇತ್ತು. ಈ ಸಂಖ್ಯೆಯೂ ತಾನಾಗಿ ತೀರ್ಪು ಹೇಳುವಂಥದಲ್ಲ. ಹೊಟ್ಟೆಯ ಕ್ಷಯ, ಗರ್ಭಕೋಶದ ಫೈಬ್ರಾಯ್ಡ್, ಯಕೃತ್ತಿನ ಕಾಯಿಲೆ ಇವುಗಳಲ್ಲಿಯೂ ಅದು ಏರುತ್ತದೆ. ಆರಂಭದ ಹಂತದ ಅಂಡಾಶಯ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಏರುವುದೇ ಇಲ್ಲ.

ಆದುದರಿಂದ 1990ರಲ್ಲಿ ಲಂಡನ್ನಿನ ವೈದ್ಯರು ಒಂದು ಗುಣಾಕಾರವನ್ನು ರೂಪಿಸಿದರು. ಸ್ಕ್ಯಾನಿನಲ್ಲಿ ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಕಡೆ ಸಿಸ್ಟ್, ಹೊಟ್ಟೆಯಲ್ಲಿ ನೀರು, ಬೇರೆಡೆಗೆ ಹಬ್ಬಿದ ಗುರುತು ಎಂಬ ಐದು ಲಕ್ಷಣಗಳನ್ನು ನೋಡುವುದು. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ನಿಂತವಳಾದರೆ 3, ಇಲ್ಲದಿದ್ದರೆ 1. ಈ ಎರಡನ್ನೂ ಸಿಎ-125ರ ಸಂಖ್ಯೆಯಿಂದ ಗುಣಿಸುವುದು. ಫಲ 200ನ್ನು ಮೀರಿದರೆ ಕ್ಯಾನ್ಸರ್ ತಜ್ಞರ ಕೈಗೆ ಒಪ್ಪಿಸುವುದು. ನನ್ನ ಲೆಕ್ಕ 0 ಇಂಟು 3 ಇಂಟು 18, ಅಂದರೆ ಸೊನ್ನೆ. ಲೆಕ್ಕದಲ್ಲಿ ಸೊನ್ನೆ ಬಂದು ನಾನು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

"ಸೂಜಿ ಹಾಕಿ ನೀರು ತೆಗೆಯಬಾರದೆ?" ಎಂದು ಜೊತೆಗೆ ಬಂದಿದ್ದ ತಂಗಿ ಕೇಳಿದಳು. ಮುಟ್ಟು ನಿಂತವರಲ್ಲಿ ಅದು ಸಲ್ಲದು. ನೀರು ಮತ್ತೆ ತುಂಬಿಕೊಳ್ಳುತ್ತದೆ. ಆ ನೀರನ್ನು ನೋಡಿ ರೋಗವನ್ನು ನಿಶ್ಚಯಿಸಲೂ ಬರುವುದಿಲ್ಲ. ಒಂದು ವೇಳೆ ಕ್ಯಾನ್ಸರ್ ಇದ್ದರೆ ಅದನ್ನು ನಾವೇ ಹೊಟ್ಟೆಯೊಳಗೆ ಚೆಲ್ಲಿದಂತಾಗುತ್ತದೆ. 5 ಸೆಂಟಿಮೀಟರಿಗಿಂತ ಚಿಕ್ಕದಾದ, ಒಂದೇ ಕೋಣೆಯ, ತೊಂದರೆ ಕೊಡದ ಸಿಸ್ಟನ್ನು ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡುತ್ತ, ಒಂದು ವರ್ಷ ಬದಲಾಗದಿದ್ದರೆ ಮರೆತುಬಿಡಬಹುದು ಎಂದರು. "ಆದರೆ ಅಮ್ಮಾ, ಕಾಯುವುದು ಅಂದರೆ ಮರೆಯುವುದು ಅಲ್ಲ. ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗೋದು, ಪದೇಪದೇ ಮೂತ್ರ ಇವು ದಿನಾ ಕಾಣಿಸಿದರೆ ತಡಮಾಡಬೇಡಿ. ತಟ್ಟನೆ ತಡೆಯಲಾರದ ನೋವು ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು, ಆಗ ರಾತ್ರಿಯೇ ಆಗಲಿ ಬನ್ನಿ" ಎಂದು ಎಚ್ಚರಿಸಿದರು. ಮನೆಯಲ್ಲಿ ಯಾರಿಗಾದರೂ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇತ್ತೆ ಎಂದು ಮೂರು ತಲೆಮಾರಿನ ವಂಶಾವಳಿಯನ್ನೇ ಕೇಳಿ ಬರೆದುಕೊಂಡರು. ಸಂದರ್ಭವೆಂದರೆ ಹಾಗೆ.

ಇಲ್ಲಿಗೆ ಕಥೆ ಮುಗಿದಿದ್ದರೆ 'ವೈದ್ಯರನ್ನು ಪ್ರಶ್ನಿಸಿ ಶಸ್ತ್ರಕ್ರಿಯೆಯಿಂದ ಪಾರಾದೆ' ಎಂದು ನಾನು ಬೀಗಬಹುದಾಗಿತ್ತು. ನಾಲ್ಕು ತಿಂಗಳ ಮೇಲೆ ಸ್ಕ್ಯಾನ್ ಮಾಡಿದಾಗ ಸಿಸ್ಟ್ 5.6 ಸೆಂಟಿಮೀಟರಿಗೆ ಬೆಳೆದಿತ್ತು. ಒಳಗೆ ತೆಳುವಾದ ಒಂದು ಅಡ್ಡಗೋಡೆ ಎದ್ದು ಒಂದು ಕೋಣೆ ಎರಡಾಗಿತ್ತು. ಸಿಎ-125 ಈಗ 22. ಗುಣಿಸಿದರೆ 66. ಇನ್ನೂರಕ್ಕೆ ದೂರವೇ. ಆದರೂ ವಾಕ್ಯ ಬದಲಾಗಿತ್ತು. ಹಳೆಯ ಉತ್ತರವನ್ನೇ ಬರೆಯುವಂತಿರಲಿಲ್ಲ. ನಿಜ ಹೇಳುತ್ತೇನೆ, ಆಗ ನನ್ನ ಮನಸ್ಸು ಅಕ್ಕನ ಪಕ್ಷವನ್ನು ಹಿಡಿದು, 'ಇನ್ನೂ ನಾಲ್ಕು ತಿಂಗಳು ನೋಡೋಣ' ಎಂದು ಹಟಮಾಡಿತು. ಅದು ವಿವೇಕವೋ ಭಯವೋ ಎಂದು ನನ್ನನ್ನೇ ಕೇಳಿಕೊಂಡೆ. ಭಯ ಎಂಬ ಉತ್ತರ ಬಂತು. ವೈದ್ಯರನ್ನು ಪ್ರಶ್ನಿಸಿದವಳು ತನ್ನ ಹಟವನ್ನು ಪ್ರಶ್ನಿಸದೆ ಬಿಟ್ಟರೆ ಅದು ಪಕ್ಷಪಾತ.

ಶಸ್ತ್ರಕ್ರಿಯೆಗೆ ಒಪ್ಪಿದೆ. ಆದರೆ ಮೊದಲು ಹೇಳಿದ್ದ ಶಸ್ತ್ರಕ್ರಿಯೆಗಲ್ಲ. ಈ ವಯಸ್ಸಿನಲ್ಲಿ ಸಿಸ್ಟನ್ನು ಮಾತ್ರ ಬಿಡಿಸದೆ ಎರಡು ಅಂಡಾಶಯಗಳನ್ನೂ ನಾಳಗಳೊಡನೆ ತೆಗೆಯುವುದು ಕ್ರಮ. ಅದಕ್ಕೆ ಕಾರಣ ಕೇಳಿದೆ. ಸಿಸ್ಟನ್ನು ಸುಲಿಯಲು ಹೋದರೆ ಒಡೆಯುವ ಅಪಾಯವಿದೆ, ಇನ್ನೊಂದರಲ್ಲಿ ಮುಂದೆ ಇದೇ ತೊಂದರೆ ಬರಬಹುದು ಎಂದರು. ಒಪ್ಪಿದೆ. ಗರ್ಭಕೋಶದಲ್ಲಿ ದೋಷವೇನೂ ಕಾಣದಿದ್ದುದರಿಂದ ಅದನ್ನು ಮುಟ್ಟುವುದಿಲ್ಲ. ಹೊಟ್ಟೆಯನ್ನು ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಿಂದ ನೋಡುತ್ತ, ಸಿಸ್ಟನ್ನು ಒಡೆಯಗೊಡದೆ ಒಂದು ಚೀಲದೊಳಗೆ ಹಾಕಿ ಹೊರತೆಗೆಯುವುದು ಎಂದು ತೀರ್ಮಾನವಾಯಿತು.

ಈ ಸಲವೂ ಕಾಗದ ಅಭ್ಯಾಸಬಲದಿಂದ ನಮ್ಮ ಯಜಮಾನರ ಕಡೆಗೇ ಬಂತು. ಅವರು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಏನನ್ನು ತೆಗೆಯುತ್ತಾರೆ, ಏನನ್ನು ತೆಗೆಯುವುದಿಲ್ಲ ಎಂದು ಬರೆಸಿಕೊಂಡು ನಾನೇ ಸಹಿ ಹಾಕಿದೆ. ಇದು ಬರಿಯ ಅಭಿಮಾನದ ಮಾತಲ್ಲ. ದೆಹಲಿಯ ಒಬ್ಬ ಅವಿವಾಹಿತ ಮಹಿಳೆ 1995ರಲ್ಲಿ ದುರ್ಬೀನು ಪರೀಕ್ಷೆಗೆಂದು ಅರಿವಳಿಕೆಗೆ ಒಳಗಾಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟಿದ್ದರು. 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯ ತೀರ್ಪಿನಲ್ಲಿ, ಪ್ರಾಣಾಪಾಯದ ತುರ್ತು ಇಲ್ಲದಾಗ ಪ್ರಾಪ್ತ ವಯಸ್ಸಿನ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲಾಗದೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯಾಗದೆಂದೂ ಸ್ಪಷ್ಟಪಡಿಸಿತು.

ನನ್ನಂಥವಳಿಗೆ ಮೈಸೂರಿಗೆ ಹೋಗುವ ಬಸ್ಸಿನ ಕಾಸಿತ್ತು, ಪ್ರಶ್ನೆ ಕೇಳುವ ನಾಲಗೆಯಿತ್ತು. ಎಲ್ಲರಿಗೂ ಇರುವುದಿಲ್ಲ. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ, 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಿಂದಲೂ ಬಂದ ಸುದ್ದಿಗಳನ್ನು ಓದಿದವರು ಬಲ್ಲರು. ಮೂವತ್ತು ತುಂಬದವರೂ ಗರ್ಭಕೋಶ ಕಳೆದುಕೊಂಡಿದ್ದರು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಮಾರ್ಗಸೂಚಿಯನ್ನು ಹೊರಡಿಸಿತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕಾಗದದ ಮೇಲಿನ ರಕ್ಷಣೆ ಬಂದಿದೆ. ಅದು ತಾಂಡಾದ ಹೆಣ್ಣುಮಗಳಿಗೆ ತಿಳಿಯಬೇಕಾದರೆ, ಅವಳ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯೂ, ಅವಳ ಮಗಳಿಗೆ ಪಾಠ ಹೇಳುವ ನಮ್ಮಂಥವರೂ ಬಾಯಿ ಬಿಡಬೇಕು.

ಶಸ್ತ್ರಕ್ರಿಯೆಯ ಮರುದಿನವೇ ಓಡಾಡಿದೆ. ಹತ್ತು ದಿನದ ಮೇಲೆ ಬಯಾಪ್ಸಿಯ ವರದಿ ಬಂತು. ನಿರಪಾಯದ ಸಿಸ್ಟ್, ಕ್ಯಾನ್ಸರಿನ ಕುರುಹಿಲ್ಲ ಎಂದಿತ್ತು. ಅದನ್ನು ಕೇಳಿ ತಂಗಿ, "ಹಾಗಾದರೆ ಸುಮ್ಮನೆ ಮಾಡಿಸಿಕೊಂಡೆಯಲ್ಲ ಅಕ್ಕಾ!" ಎಂದಳು. ಸುಮ್ಮನೆ ಅಲ್ಲ ಎಂದೆ. ಫಲವನ್ನು ತಿಳಿದ ಮೇಲೆ ನಿರ್ಣಯವನ್ನು ಅಳೆಯುವುದು, ಉತ್ತರಪತ್ರಿಕೆಯನ್ನು ನೋಡಿಕೊಂಡು ಪ್ರಶ್ನೆ ಸುಲಭವಾಗಿತ್ತು ಎಂದಂತೆ. ಆ ದಿನ ಆ ಕಾರಣಗಳಿಂದ ನಾನು ಮಾಡಿದ ತೀರ್ಮಾನ ಕೆಟ್ಟ ವರದಿ ಬಂದಿದ್ದರೂ ಸರಿಯಾಗಿಯೇ ಇರುತ್ತಿತ್ತು.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಆಸ್ಪತ್ರೆಯಿಂದ ಬಂದ ನನ್ನನ್ನು ನೋಡಲು ಊರುಗೋಲು ಹಿಡಿದುಕೊಂಡು ಬಂದಿದ್ದಳು. ನೋಟುಬುಕ್ಕನ್ನು ತೆಗೆದು, ಕನ್ನಡಕ ಏರಿಸಿಕೊಂಡು ಪ್ರಶ್ನೆಗಳನ್ನೆಲ್ಲ ಮೆಲ್ಲಗೆ ಓದಿದಳು. "ಹೀಗೆಲ್ಲ ಕೇಳಬಹುದು ಅಂತ ನನಗೆ ಯಾರೂ ಹೇಳಲಿಲ್ಲ ಕಣೇ" ಎಂದಳು. ನಾನು ಏನೂ ಹೇಳಲಾಗಲಿಲ್ಲ. ಅವಳಿಗೆ ಅಂದು ಹೇಳಲಾಗದೆ ಹೋದದ್ದನ್ನು ಇಂದು ನಿಮಗೆ ಹೇಳಿದ್ದೇನೆ.

(ಬಾನುಲಿ ಭಾಷಣ)